ಇಬ್ಬರೂ ಅತಿಥಿಗಳೇ

ಮದುವೆಗೆ ಹೋಗುತ್ತೇವೆ ಎಂದರೆ ಯಾರೂ ಏನೂ ಕೇಳುವುದಿಲ್ಲ. ಧರ್ಮಸ್ಥಳಕ್ಕೋ ಹೊರನಾಡಿಗೋ ಎಂದರೆ, ‘ಹೋಗಿಬನ್ನಿ, ನಮ್ಮ ಹೆಸರಿನಲ್ಲೂ ಒಂದು ಅರ್ಚನೆ ಮಾಡಿಸಿ’ ಎನ್ನುತ್ತಾರೆ. ಬಾಣಂತನಕ್ಕೆಂದರಂತೂ ಬಸ್ ಸ್ಟ್ಯಾಂಡಿನವರೆಗೆ ಬಂದು ಹತ್ತಿಸಿ ಹೋಗುತ್ತಾರೆ. ಐವತ್ತು ದಾಟಿದ ಇಬ್ಬರು ಹೆಂಗಸರು ಒಂದು ದೊಡ್ಡ ಹೋಟೆಲಿನಲ್ಲಿ ಸುಮ್ಮನೆ ಇದ್ದು ಬರುತ್ತೇವೆ ಎಂದರೆ ಮಾತ್ರ ಪ್ರಶ್ನೆಗಳ ಸಾಲು ಶುರು. ಏನು ವಿಶೇಷ? ಯಾರದಾದರೂ ಫಂಕ್ಷನ್ ಇದೆಯಾ? ಇಬ್ಬರೇನಾ? ಕೊನೆಗೆ ಅತ್ತಿಗೆಯೋ ನಾದಿನಿಯೋ ಕೇಳಿಯೇ ಕೇಳುತ್ತಾರೆ: ‘ಮೈಸೂರಿನಲ್ಲಿ ಅಷ್ಟೊಂದು ಜನ ನೆಂಟರಿರುವಾಗ ಹೋಟೆಲ್ ಯಾಕೆ?’

ಉಳಿದ ಪ್ರಶ್ನೆಗಳನ್ನು ಬಿಡಿ, ಈ ಕೊನೆಯದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿದೆ. ನೆಂಟರಿರುವುದರಿಂದಲೇ ಹೋಟೆಲು.

ನಾನೂ ನನ್ನ ಗೆಳತಿಯೂ ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಅವಳೀಗ ಹಾಸನದಲ್ಲಿ, ನಾನು ಬೆಂಗಳೂರಿನಲ್ಲಿ. ಅವಳು ನಮ್ಮ ಮನೆಗೆ ಬರುತ್ತಾಳೆ, ನಾನು ಅವಳ ಮನೆಗೆ ಹೋಗುತ್ತೇನೆ. ಆದರೆ ಮಾತು ಆಗುವುದೇ ಇಲ್ಲ. ಅವಳು ಬರುತ್ತಾಳೆಂದರೆ ನಾನು ಹಿಂದಿನ ದಿನವೇ ಅವರೆಕಾಳು ನೆನೆಹಾಕುತ್ತೇನೆ. ಬಂದವಳು ಹಾಲ್‌ನಲ್ಲಿ ಕೂರುವ ಹೆಂಗಸಲ್ಲ. ನೇರ ಅಡುಗೆಮನೆಗೆ ಬಂದು, ನಾನು ಬೇಡವೆಂದರೂ ಹಿದುಕಲು ಶುರು ಮಾಡುತ್ತಾಳೆ. ‘ಅಮ್ಮ ಹೋದಮೇಲೆ ಒಂದು ರಾತ್ರಿ ನಾನು...’ ಎಂದು ಶುರು ಮಾಡುತ್ತಾಳೆ, ಕುಕ್ಕರ್ ಕೂಗುತ್ತದೆ. ‘ಹೇಳೇ, ಆಮೇಲೆ?’ ಎನ್ನುವಷ್ಟರಲ್ಲಿ ನಮ್ಮವರು ಬಂದು ಫಿಲ್ಟರ್ ಕಾಫಿ ಇಳಿದಿದೆಯಾ ಎಂದು ಕೇಳುತ್ತಾರೆ. ಊಟ ಬಡಿಸಿ, ಪಾತ್ರೆ ಎತ್ತಿಟ್ಟು, ಒಲೆ ಒರೆಸುವ ಹೊತ್ತಿಗೆ ಅವಳ ಬಸ್ಸಿಗೆ ಸಮಯವಾಗಿರುತ್ತದೆ. ಕುಂಕುಮ, ಎಲೆ ಅಡಿಕೆ, ಒಂದು ರವಿಕೆ ಕಣ. ‘ಮತ್ತೆ ಮಾತಾಡೋಣ ಕಣೇ’. ಅವಳ ಮನೆಯಲ್ಲೂ ಇಷ್ಟೇ, ಹಿದುಕುವ ಕೈ ನನ್ನದು, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಉಪಚಾರ ಸಣ್ಣ ವಿಷಯವಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಇನ್ನೊಂದು ಹೋಳಿಗೆ ಬೀಳಲೇಬೇಕು, ತುಪ್ಪ ಹರಿಯಲೇಬೇಕು. ಅದರಲ್ಲಿರುವ ಪ್ರೀತಿ ನನಗೆ ಗೊತ್ತು, ಆ ಪ್ರೀತಿ ಉಂಡೇ ಬೆಳೆದವಳು ನಾನು. ಆದರೆ ಉಪಚಾರ ನಡೆಯಬೇಕಾದರೆ ಒಬ್ಬರು ನಿಂತಿರಬೇಕು, ಒಬ್ಬರು ಕೂತಿರಬೇಕು. ಗೆಳೆತನಕ್ಕೆ ಇಬ್ಬರೂ ಕೂರುವ ಜಾಗ ಬೇಕು. ಇಬ್ಬರದೂ ಅಲ್ಲದ ಮನೆಯೊಂದು ಬೇಕು.

ಅಂಥ ಮನೆಯೊಂದನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿಟ್ಟಿದ್ದಾರೆ. ಚಾಮುಂಡಿ ಬೆಟ್ಟದ ಬುಡದಲ್ಲಿ, ಊರಿನಿಂದ ಸ್ವಲ್ಪ ದೂರ ಸರಿದು ಬೆಳ್ಳಗೆ ನಿಂತಿರುವ ಲಲಿತ ಮಹಲ್. 1921ರಲ್ಲಿ ಅಡಿಗಲ್ಲು ಬಿದ್ದ ಈ ಅರಮನೆ ರಾಜರು ವಾಸಕ್ಕೆಂದು ಕಟ್ಟಿಸಿಕೊಂಡದ್ದಲ್ಲ. ವೈಸರಾಯ್ ಬಂದರೆ ಉಳಿಯಲೆಂದು ಕಟ್ಟಿಸಿದ್ದು. ಆ ಕಾಲದಲ್ಲಿ ವೈಸರಾಯ್‌ಗಳು ದಸರೆಗೆಂದೋ, ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯುವ ಖೆಡ್ಡಾ ನೋಡಲೆಂದೋ ಮೈಸೂರಿಗೆ ಬರುತ್ತಿದ್ದರು. ಅವರ ಊಟ ಉಪಚಾರ ಬೇರೆ, ಒಡೆಯರ ಅರಮನೆಯ ಮಡಿ, ಪೂಜೆ, ಆಚಾರ ಬೇರೆ. ಒಂದಕ್ಕೊಂದು ತೊಡಕಾಗಬಾರದೆಂದೇ ಅತಿಥಿಗಳಿಗೆ ಬೇರೆ ಮನೆ ಮಾಡಿಕೊಟ್ಟರು ಎಂದು ಮೈಸೂರಿನ ಹಿರಿಯರು ಹೇಳುತ್ತಾರೆ. ನನಗೆ ಇದು ಬಹಳ ಹಿಡಿಸಿದ ವಿವೇಕ. ಬಂದವರನ್ನು ಬದಲಾಗಿ ಎನ್ನಲಿಲ್ಲ, ತಾವೂ ಬದಲಾಗಲಿಲ್ಲ, ನಡುವೆ ಒಂದಷ್ಟು ದಾರಿ ಬಿಟ್ಟು ದೊಡ್ಡದೊಂದು ಮನೆ ಕಟ್ಟಿಬಿಟ್ಟರು.

ನಕ್ಷೆ ಮಾಡಿದವರು ಮುಂಬೈನ ವಾಸ್ತುಶಿಲ್ಪಿ ಇ.ಡಬ್ಲ್ಯು. ಫ್ರಿಚ್ಲಿ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್ ಅವರ ಕಣ್ಣಮುಂದಿತ್ತು. ನಡುವಿನ ದೊಡ್ಡ ಗುಮ್ಮಟ, ಜೋಡಿ ಜೋಡಿಯಾಗಿ ನಿಂತ ಕಂಬಗಳು, ಎಲ್ಲದರಲ್ಲೂ ಆ ಚರ್ಚಿನ ಛಾಯೆ ಇದೆ. ಅದನ್ನು ತಂದು ಚಾಮುಂಡಿಯ ಪಾದದಲ್ಲಿ ನಿಲ್ಲಿಸಿದರೂ ಯಾಕೋ ಪರದೇಶದ್ದು ಅನ್ನಿಸುವುದಿಲ್ಲ. ಒಂದು ಪಕ್ಕ ಬೆಟ್ಟ, ಮುಂದೆ ಮಳೆ ಬಿದ್ದು ಹಸಿರಾದ ಬಯಲು, ಮಧ್ಯೆ ಈ ಬಿಳುಪು. 1974ರಲ್ಲಿ ಅದು ಹೋಟೆಲಾಯಿತು. ಬಹಳ ಕಾಲ ಕೇಂದ್ರ ಸರ್ಕಾರದ ಅಶೋಕ ಹೋಟೆಲ್ ಸಮೂಹದ ಕೈಯಲ್ಲಿತ್ತು, 2018ರಲ್ಲಿ ರಾಜ್ಯಕ್ಕೆ ಮರಳಿ ಜಂಗಲ್ ಲಾಡ್ಜಸ್ ಸಂಸ್ಥೆಗೆ ಸೇರಿತು. ಒಟ್ಟಿನಲ್ಲಿ ಹುಟ್ಟಿದಾಗಿನಿಂದಲೂ ಅದು ಅತಿಥಿಗಳದೇ ಮನೆ.

ನಾವು ಹೋದದ್ದು ಆಷಾಢದಲ್ಲಿ. ಮದುವೆ ಮುಂಜಿ ಇಲ್ಲದ, ಶ್ರಾವಣದ ಹಬ್ಬಗಳಿನ್ನೂ ಶುರುವಾಗದ ತಿಂಗಳು. ಹೆಂಗಸರಿಗೆ ವರ್ಷದಲ್ಲಿ ಬಿಡುವು ಅಂತ ಇರುವುದಾದರೆ ಅದೊಂದೇ. ಅಮೃತಶಿಲೆಯ ಮೆಟ್ಟಿಲು ಸ್ವಲ್ಪ ಮೇಲಕ್ಕೆ ಹೋಗಿ ಎಡಕ್ಕೂ ಬಲಕ್ಕೂ ಕವಲೊಡೆಯುವಲ್ಲಿ ಗೆಳತಿ ನಿಂತುಬಿಟ್ಟಳು. ಕಟಕಟೆಯ ಮೇಲೆ ಅಂಗೈಯಿಟ್ಟು, ‘ಎಷ್ಟು ತಣ್ಣಗಿದೆ ನೋಡೇ’ ಎಂದಳು. ನಾನೂ ಇಟ್ಟೆ. ಮಂಡಿನೋವಿನ ಇಬ್ಬರಿಗೆ ಅಲ್ಲಿ ಜಾಲರಿ ಬಾಗಿಲಿನ ಹಳೆಯ ಲಿಫ್ಟೂ ಇದೆ. ನಿಧಾನಕ್ಕೆ, ಗೌರವದಿಂದ ಮೇಲೆ ಕರೆದುಕೊಂಡು ಹೋಗುತ್ತದೆ. ಇಂದಿನ ಹೊಸ ಹೋಟೆಲುಗಳ ಲಿಫ್ಟಿನಲ್ಲಿ ಕೋಣೆಯ ಕಾರ್ಡು ತೋರಿಸಿ, ಗುಂಡಿ ಒತ್ತಿ, ಗಾಜಿನಲ್ಲಿ ನಮ್ಮ ಮುಖವನ್ನೇ ನೋಡುತ್ತಾ ನಿಲ್ಲಬೇಕು. ಇಲ್ಲಿ ಲಿಫ್ಟಿನ ಜೊತೆಗೆ ನಮಸ್ಕಾರ ಹೇಳುವ ಒಬ್ಬ ಮನುಷ್ಯನೂ ಇದ್ದ. ಅವನ ಊರು, ಮಕ್ಕಳ ಓದು ಎಲ್ಲವನ್ನೂ ಗೆಳತಿ ಮೊದಲ ಸಲ ಹತ್ತಿದಾಗಲೇ ವಿಚಾರಿಸಿಕೊಂಡಳು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳು ತನ್ನ ಮಂಚದ ಚಾದರವನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದಳು. ‘ಬಿಡೇ, ಅವರು ಬಂದು ಮಾಡ್ತಾರೆ’ ಎಂದೆ. ‘ಕೈ ಕೇಳಲ್ಲ ಕಣೇ’ ಎಂದಳು. ಆಮೇಲೆ ಬಿಟ್ಟಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಮಡಿಸದ ಹೊದಿಕೆಯನ್ನು ಸುಮಾರು ಹೊತ್ತು ನೋಡಿದಳು. ಆಮೇಲೆ ಅಮ್ಮನ ಮಾತು ತೆಗೆದಳು. ಕುಕ್ಕರ್ ಕೂಗಿದಾಗ ನಿಂತುಹೋಗಿದ್ದ ಮಾತು. ಅಮ್ಮ ಹೋದಮೇಲೆ ಒಂದು ರಾತ್ರಿ ಬೀರು ತೆಗೆದು, ಅವರ ಸೀರೆಗಳನ್ನೆಲ್ಲ ನೆಲದ ಮೇಲೆ ಹರಡಿ, ನಡುವೆ ಮಲಗಿ ನಿದ್ದೆ ಹೋಗಿದ್ದಳಂತೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬೆಟ್ಟದ ಮೇಲೆ ಮೋಡ ಇಳಿದು ಗೋಪುರ ಮರೆಯಾಯಿತು, ಮತ್ತೆ ಕಂಡಿತು. ಯಾರೂ ಬಂದು ಕಾಫಿ ಕೇಳಲಿಲ್ಲ. ಕಾಫಿಯನ್ನು ಅವರೇ ತಂದರು.

ಕೋಣೆ ಸ್ವಚ್ಛ ಮಾಡಲು ಬಂದ ಹೆಂಗಸಿನ ವಿಷಯವನ್ನೂ ಹೇಳಬೇಕು. ನಮ್ಮ ಬಿಡುವು ಅವಳ ದುಡಿಮೆ. ಅವಳು ಚಾದರ ಬದಲಿಸುವಾಗ ನಾವಿಬ್ಬರೂ ಕಾಲು ಮೇಲೆ ಮಾಡಿ ಕೂರಲು ಆಗಲಿಲ್ಲ, ಜಗಲಿಗೆ ಹೋಗಿ ಕೂತೆವು. ಸೇವೆ ಮಾಡಿಸಿಕೊಳ್ಳುವುದು ತಪ್ಪಲ್ಲ, ಜೀವಮಾನವಿಡೀ ಮಾಡಿದವರಿಗಂತೂ ತಪ್ಪೇ ಅಲ್ಲ. ಆದರೆ ಮಾಡುವವರ ಮುಖ ನೋಡದೆ ಮಾಡಿಸಿಕೊಳ್ಳುವುದು ತಪ್ಪು. ಹೊರಡುವಾಗ ಅವಳ ಕೈಗೇ ದುಡ್ಡು ಕೊಡಬೇಕು. ಮೇಜಿನ ಮೇಲೆ ಇಟ್ಟು ಹೋಗಬಾರದು.

ಊಟದ ಮನೆ ಹಿಂದೆ ನೃತ್ಯಶಾಲೆಯಾಗಿತ್ತು. ಎತ್ತರದ ಚಾವಣಿ, ಅದರಲ್ಲಿ ಬಣ್ಣದ ಗಾಜಿನ ಗುಮ್ಮಟ. ಮಧ್ಯಾಹ್ನ ಬಿಸಿಲು ಬಂದು ಹೋಗುತ್ತಿದ್ದರೆ ಅನ್ನದ ತಟ್ಟೆಯ ಮೇಲೆ ಬೆಳಕೇ ಬೇರೆ ಬೇರೆಯಾಗುತ್ತದೆ. ನಾನು ಹುಳಿಯನ್ನ ಕಲಸಿದ್ದು ಮರೆತು ಕತ್ತೆತ್ತಿ ನೋಡುತ್ತಿದ್ದೆ. ಇಷ್ಟೆಲ್ಲ ಇದ್ದರೂ ಒಂದು ಬೆಳಿಗ್ಗೆ ಮಾತ್ರ ಅಲ್ಲಿನ ತಿಂಡಿ ಬಿಟ್ಟು, ಆಟೊ ಹಿಡಿದು ನಜರ್‌ಬಾದಿನ ಮೈಲಾರಿ ಹೋಟೆಲಿಗೆ ಹೋದೆವು. ಬಾಳೆಲೆಯ ಮೇಲೆ ಹತ್ತಿಯಂಥ ಮೆತ್ತನೆಯ ದೋಸೆ, ಒಳಗೆ ಸಾಗು, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಕಾಯಿಚಟ್ನಿ. ಮೈಸೂರಿನಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ, ಓದದವರು ಹೋಗಿ ತಿನ್ನಬೇಕು. ಅರಮನೆಯಲ್ಲಿ ಮಲಗೆದ್ದು ಮೈಲಾರಿಯಲ್ಲಿ ತಿಂಡಿ ತಿನ್ನುವ ಭಾಗ್ಯ ಬೇರೆ ಯಾವ ಊರಿನಲ್ಲಿ ಸಿಗುತ್ತದೆ?

ದುಡ್ಡಿನ ಮಾತು. ಇದು ಅಗ್ಗದ ಕೆಲಸವಲ್ಲ, ಅಗ್ಗವೆಂದು ನಾನು ಹೇಳುವುದೂ ಇಲ್ಲ. ದಸರೆಯ ದಿನಗಳಲ್ಲಿ ಮೈಸೂರಿನ ಹೋಟೆಲುಗಳ ಬಾಡಿಗೆ ಮುಟ್ಟುವಂತಿರುವುದಿಲ್ಲ. ಎಲ್ಲೇ ಆದರೂ ದಿನದ ಬಾಡಿಗೆ 7,500 ರೂಪಾಯಿ ದಾಟಿದರೆ ಅದರ ಮೇಲೆ ಶೇಕಡ 18ರ ಜಿಎಸ್‌ಟಿ ಬೀಳುತ್ತದೆ. ಇದನ್ನು ಮೊದಲೇ ಕೇಳಿಕೊಳ್ಳಿ. ನಾವು ಬಾಡಿಗೆಯನ್ನು ಸರಿಯಾಗಿ ಅರ್ಧರ್ಧ ಹಂಚಿಕೊಂಡೆವು. ಅವಳು ತಿಂಗಳು ತಿಂಗಳು ಎತ್ತಿಟ್ಟ ದುಡ್ಡು ತಂದಿದ್ದಳು, ನಾನೂ ಅಷ್ಟೇ. ಒಬ್ಬರು ಕೊಟ್ಟಿದ್ದರೆ ಮತ್ತೆ ಒಬ್ಬರು ಮನೆಯವರು, ಒಬ್ಬರು ಅತಿಥಿ ಆಗಿಬಿಡುತ್ತಿದ್ದೆವು. ಮಗಳ ಮದುವೆಗೆ ಒಂದೇ ರಾತ್ರಿ ಹಾಕುವ ಹೂವಿನ ಅಲಂಕಾರಕ್ಕೆ ಎಷ್ಟು ಖರ್ಚಾಗುತ್ತದೆಂದು ನಮಗೆಲ್ಲ ಗೊತ್ತು, ಅದನ್ನು ಯಾರೂ ದಂಡ ಎನ್ನುವುದಿಲ್ಲ. ಬದುಕಿನಲ್ಲಿ ಹಳೆಯ ಗೆಳತಿಯ ಜೊತೆ ಪೂರ್ತಿ ಮಾತಾಡಿ ಮುಗಿಸಿದ ದಿನಗಳಿಗೆ ಕೊಟ್ಟ ದುಡ್ಡೂ ದಂಡವಲ್ಲ.

ಅರಮನೆಯೇ ಆಗಬೇಕೆಂದಿಲ್ಲ. ಇಬ್ಬರಿಗೂ ಅಡುಗೆಮನೆಯಿಲ್ಲದ ಒಂದು ಜಾಗವಾದರೆ ಸಾಕು. ಆದರೆ ಲಲಿತ ಮಹಲಿಗೇ ಹೋಗುವುದಾದರೆ ಹಳೆಯ ಕಟ್ಟಡದಲ್ಲೇ ಕೋಣೆ ಕೇಳಿ, ಮಂಚ ಎರಡಿರಲಿ. ಆಷಾಢದಲ್ಲಾದರೆ ಶುಕ್ರವಾರ ಮಾತ್ರ ಬೇಡ. ಅಂದು ತಾಯಿ ಚಾಮುಂಡಿಯ ದರ್ಶನಕ್ಕೆ ಸಾವಿರಾರು ಜನ ಬರುತ್ತಾರೆ. ಬೆಟ್ಟಕ್ಕೆ ಖಾಸಗಿ ಗಾಡಿ ಬಿಡದೆ, ಲಲಿತ ಮಹಲ್ ಪಕ್ಕದ ಹೆಲಿಪ್ಯಾಡ್ ಮೈದಾನದಲ್ಲೇ ಎಲ್ಲರನ್ನೂ ಇಳಿಸಿ ಬಸ್ಸು ಹತ್ತಿಸುತ್ತಾರೆ. ಸೋಮವಾರ ಹೋಗಿ. ಇವತ್ತೇ ನಿಮ್ಮ ಗೆಳತಿಗೊಂದು ಫೋನ್ ಮಾಡಿ.