ಮುಳ್ಳು ಅರ್ಧದಲ್ಲಿ, ಟ್ಯಾಂಕು ಬರಿದು

ಮುಂಬಯಿಯಲ್ಲಿ ಕಾರು ಇಟ್ಟುಕೊಂಡವರಿಗೆ ಎರಡು ಚಿಂತೆ. ಒಂದು, ಅದನ್ನು ನಿಲ್ಲಿಸಲು ಜಾಗ ಎಲ್ಲಿ ಎಂಬುದು. ಇನ್ನೊಂದು, ನಿಲ್ಲಬಾರದ ಜಾಗದಲ್ಲಿ ಅದು ತಾನಾಗಿಯೇ ನಿಂತರೆ ಏನು ಗತಿ ಎಂಬುದು. 2022ರ ಜುಲೈ ತಿಂಗಳ ಒಂದು ಶನಿವಾರ ರಾತ್ರಿ ನಮಗೆ ಎರಡನೆಯದು ಒದಗಿ ಬಂತು. ಅದರಿಂದ ನಾನು ಕಲಿತದ್ದನ್ನು, ನನಗಿಂತ ಹೆಚ್ಚಾಗಿ ನನ್ನ ಮಗಳು ಕಲಿತದ್ದನ್ನು, ಈಗಷ್ಟೇ ಲೈಸನ್ಸ್ ಪಡೆದು ಅಪ್ಪನ ಹಳೆಯ ಕಾರಿನ ಕೀಲಿಗೆ ಕೈ ಚಾಚುತ್ತಿರುವ ನಮ್ಮ ಯುವಕ ಯುವತಿಯರೊಡನೆ ಹಂಚಿಕೊಳ್ಳೋಣವೆಂದು ಈ ಬರಹ.

ಊರಿನಲ್ಲಿ ಮಳೆ ಹಿಡಿದು ಬಯಲಾಟಗಳಿಗೆ ಬಿಡುವಾದಾಗ ಮೇಳದ ಕಲಾವಿದರು ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ಯಕ್ಷಗಾನ ಆಡುವುದು ಹಳೆಯ ರೂಢಿ. ಕೊರೊನಾದಿಂದಾಗಿ ಎರಡು ವರ್ಷ ಆಟ ನೋಡದೆ ಕಂಗೆಟ್ಟಿದ್ದ ನನ್ನ ಅಮ್ಮ, ಸಾಂತಾಕ್ರೂಜ್ ಪೂರ್ವದಲ್ಲಿ ಆಟವಿದೆ ಎಂದು ಕೇಳಿದ್ದೇ ತಡ, ಬೆಳಗ್ಗಿನಿಂದಲೇ ಸೀರೆ ತೆಗೆದಿಟ್ಟು ಕುಳಿತಿದ್ದರು. ಅವರಿಗೆ ಎಪ್ಪತ್ತೆಂಟು ವರ್ಷ, ಜೊತೆಗೆ ದಮ್ಮು. ರೈಲಿನ ನೂಕುನುಗ್ಗಲು ಬೇಡವೆಂದು ಮುಲುಂಡಿನಿಂದ ಕಾರಿನಲ್ಲೇ ಹೊರಟೆವು. ಚಕ್ರ ಹಿಡಿದವಳು ಮಗಳು.

ಆಟ ಮುಗಿದಾಗ ರಾತ್ರಿ ಹನ್ನೊಂದು. ವಾಕೋಲಾ, ಕಲೀನಾ ದಾಟಿ, 2014ರಲ್ಲಿ ತೆರೆದ ಸಾಂತಾಕ್ರೂಜ್-ಚೆಂಬೂರ್ ಕೂಡುರಸ್ತೆ ಹಿಡಿದು, ಅಮರ್ ಮಹಲ್ ಬಳಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ ಸೇರುವುದೆಂದು ಲೆಕ್ಕ. ಕುರ್ಲಾದ ರೈಲು ಹಳಿಗಳ ಮೇಲೆ ಹಾಯುವ ಮೇಲ್ಸೇತುವೆ ಏರಿದ್ದೇ ಇಂಜಿನು ಎರಡು ಸಲ ಕೆಮ್ಮಿತು, ಮೂರನೆಯ ಸಲ ಉಸಿರೇ ನಿಂತಿತು. ಧೋ ಎಂದು ಮಳೆ. ಪಕ್ಕದಲ್ಲಿ ಹಾದುಹೋಗುವ ಪ್ರತಿ ಟ್ರಕ್ಕೂ ನಮ್ಮ ಗಾಜಿನ ಮೇಲೆ ಒಂದು ಬಕೆಟ್ ನೀರು ಎರಚುತ್ತಿತ್ತು. ಪೆಟ್ರೋಲ್ ಮುಳ್ಳು ನೋಡಿದೆ, ಸರಿಯಾಗಿ ಅರ್ಧದಲ್ಲಿತ್ತು. ಹಾಗಾದರೆ ಪ್ಲಗ್ಗಿಗೆ ನೀರು ಹೋಗಿರಬೇಕೆಂದು ಹತ್ತು ನಿಮಿಷ ಸುಮ್ಮನೆ ಸ್ಟಾರ್ಟರ್ ತಿರುಗಿಸಿ ಬ್ಯಾಟರಿಯನ್ನೂ ದಣಿಸಿದೆ. ಹಿಂದಿನ ಸೀಟಿನಲ್ಲಿ ಅಮ್ಮನ ಉಸಿರು ಸೀಟಿ ಊದತೊಡಗಿತ್ತು.

ಮಗಳು ನಾಲ್ಕೂ ದೀಪ ಮಿನುಗುವಂತೆ ಮಾಡಿ, ಕೊಡೆ, ಟಾರ್ಚು ಹಿಡಿದು ಕಾರಿನ ಹಿಂದೆ ದೂರದಲ್ಲಿ ಗೋಡೆಗೆ ಒತ್ತಿ ನಿಂತಳು. ಕೊನೆಗೆ ಒಂದು ಕಪ್ಪು-ಹಳದಿ ಟ್ಯಾಕ್ಸಿ ನಿಂತಿತು. ಚಾಲಕ ಇಳಿದು ಬಂದು ಹಿಂದಿಯಲ್ಲಿ ಕೇಳಿದ ಮೊದಲ ಮಾತು, ಪೆಟ್ರೋಲ್ ಇದೆಯೇ? ನಾನು ಮುಳ್ಳು ತೋರಿಸಿದೆ. ಆತ ಅದನ್ನು ನೋಡಲೂ ಇಲ್ಲ. ಹಿಂಬದಿಗೆ ಹೋಗಿ ಕಾರನ್ನು ಎಡಕ್ಕೂ ಬಲಕ್ಕೂ ಅಲುಗಾಡಿಸಿ, ಕಿವಿಗೊಟ್ಟು, ‘ಒಳಗೆ ಏನೂ ಕುಲುಕುವುದಿಲ್ಲ ಸಾಹೇಬರೇ’ ಎಂದ. ಹಗ್ಗ ಕಟ್ಟಿ ಚೆಂಬೂರಿನ ಕಡೆಯ ಒಂದು ಪಂಪಿನವರೆಗೆ ಎಳೆದು ತಂದ. ನಮ್ಮ ಟ್ಯಾಂಕಿಗೆ ಹಿಡಿಯುವುದು 35 ಲೀಟರ್. ಆ ರಾತ್ರಿ ಹಿಡಿದದ್ದು 34. ಅಷ್ಟೂ ತುಂಬಿಸಿದ ಮೇಲೂ ಮುಳ್ಳು ಮಾತ್ರ ಅರ್ಧದಿಂದ ಕದಲಲಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆ ಬಾಕಿ ಇದೆ. ಹದಿನೈದು ದಿನ ಮೊದಲೇ ಮಗಳು ಹೇಳಿದ್ದಳು, ‘ಅಪ್ಪಾ, ಈ ಮುಳ್ಳು ಅಲುಗಾಡ್ತಾ ಇಲ್ಲ.’ ನಾನು, ‘ಈ ಕಾರಿಗೆ ಹೆಚ್ಚುಕಡಿಮೆ ನಿನ್ನಷ್ಟೇ ವಯಸ್ಸು, ಅದರ ಸ್ವಭಾವ ನನಗೆ ಗೊತ್ತು’ ಎಂದು ಬಾಯಿ ಮುಚ್ಚಿಸಿದ್ದೆ. ಆ ರಾತ್ರಿ ಮನೆ ಮುಟ್ಟುವವರೆಗೆ ಅವಳು ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ನೆರೆಯ ಮೆಕ್ಯಾನಿಕ್ ಒಬ್ಬನನ್ನು ಕರೆದೆ. ಬಾನೆಟ್ಟನ್ನೂ ತೆರೆಯದೆ, ಡಿಕ್ಕಿಯನ್ನೂ ತೆರೆಯದೆ, ‘ಮೀಟರ್ ಬೋರ್ಡ್ ಹೋಗಿದೆ, ಆರು ಸಾವಿರ ಆಗುತ್ತದೆ’ ಎಂದುಬಿಟ್ಟ. ನಾನು ಕೊಡಲು ಸಿದ್ಧನಾಗಿದ್ದೆ. ಮಗಳು, ‘ಸ್ವಲ್ಪ ತಡೀರಿ, ಮೊದಲು ನೋಡುವ’ ಎಂದಳು. ಈ ಸಲ ತಡೆದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಚಿಕ್ಕಂದಿನಲ್ಲಿ ಅವಳಿಗೆ ಬಾಯಿಪಾಠ ಮಾಡಿಸಿದ್ದವನು ನಾನೇ ತಾನೇ?

ಮುಳ್ಳು ಟ್ಯಾಂಕಿನೊಳಗೆ ಇಣುಕಿ ನೋಡುವುದಿಲ್ಲ. ಅದು ಬರಿಯ ದೂತ. ಟ್ಯಾಂಕಿನ ಒಳಗೆ ಒಂದು ಕಡ್ಡಿಯ ತುದಿಯಲ್ಲಿ ತೇಲುವ ಬುರುಡೆಯೊಂದಿದೆ. ಊರಿನಲ್ಲಿ ನಾವು ಈಜು ಕಲಿಯುವಾಗ ಸೊಂಟಕ್ಕೆ ಒಣಗಿದ ತೆಂಗಿನಕಾಯಿ ಕಟ್ಟಿ ಬಾವಿಗೆ ಇಳಿಸುತ್ತಿದ್ದರಲ್ಲ, ಅಂಥದೇ ಉಪಾಯ. ಪೆಟ್ರೋಲ್ ಏರಿದಂತೆ ಬುರುಡೆ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಕಡ್ಡಿಯ ಇನ್ನೊಂದು ತುದಿ ತಂತಿ ಸುತ್ತಿದ ಒಂದು ಪಟ್ಟಿಯ ಮೇಲೆ ಜಾರುತ್ತದೆ. ಜಾರಿದಂತೆ ವಿದ್ಯುತ್ತಿಗೆ ಒದಗುವ ತಡೆ ಹೆಚ್ಚುಕಡಿಮೆಯಾಗುತ್ತದೆ. ಆ ತಡೆಯ ಸುದ್ದಿಯನ್ನು ಒಂದು ತಂತಿ ಮುಂದಿನ ಮೀಟರಿಗೆ ಒಯ್ಯುತ್ತದೆ. ಕಾರಿನ ಲೋಹದ ಮೈಯೇ ಮರಳುವ ದಾರಿ. ನಮ್ಮ ಕಾರಿನಂಥವುಗಳಲ್ಲಿ ತಡೆ ಹೆಚ್ಚಿದರೆ ಮುಳ್ಳು ಖಾಲಿಯತ್ತ, ತಡೆ ಇಳಿದರೆ ಭರ್ತಿಯತ್ತ. ಕೆಲವು ಕಾರುಗಳಲ್ಲಿ ಇದು ತಿರುಗಾಮುರುಗ.

ಆದ್ದರಿಂದ ಮುಳ್ಳು ಸುಳ್ಳು ಹೇಳಿದರೆ ಆರೋಪಿಗಳು ಒಬ್ಬರಲ್ಲ, ನಾಲ್ವರು: ಬುರುಡೆ ಮತ್ತು ಅದರ ಪಟ್ಟಿ, ನಡುವಿನ ತಂತಿ, ಕಾರಿನ ಮೈಗೆ ಸೇರುವ ಅರ್ತಿಂಗ್, ಕೊನೆಗೆ ಮೀಟರ್. ನಮ್ಮ ಉಪ್ಪುಗಾಳಿಯಲ್ಲಿ, ನಾಲ್ಕು ತಿಂಗಳ ಮಳೆಯಲ್ಲಿ ಅರ್ತಿಂಗಿನ ಜೋಡಣೆಗೆ ತುಕ್ಕು ಹಿಡಿಯುವುದು ಸಾಮಾನ್ಯ. ಮೀಟರನ್ನೇ ಮೊದಲು ಬದಲಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಮಗಳು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಒಂದು ಸಣ್ಣ ಮಲ್ಟಿಮೀಟರ್ ತಂದಳು. ಮುಂದಿನ ಭಾನುವಾರ ಕಟ್ಟಡದ ಅಂಗಳದಲ್ಲಿ, ಬಯಲಿನಲ್ಲೇ, ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಪರೀಕ್ಷೆ ಶುರುಮಾಡಿದೆವು. ಡಿಕ್ಕಿಯ ಹಾಸು ಎತ್ತಿದರೆ ಟ್ಯಾಂಕಿನಿಂದ ಬರುವ ತಂತಿಯ ಜೋಡಣೆ ಸಿಗುತ್ತದೆ. ಕೀಲಿ ತಿರುಗಿಸದೆ ಅದನ್ನು ಬಿಡಿಸಿದಳು. ಈಗ ಕೀಲಿ ತಿರುಗಿಸಿದಾಗ, ಅರ್ಧದಲ್ಲಿ ಅಂಟಿದ್ದ ಮುಳ್ಳು ನಿಧಾನವಾಗಿ ಖಾಲಿಯತ್ತ ಇಳಿಯಿತು. ಆಮೇಲೆ ಮೀಟರಿನ ಕಡೆಗೆ ಹೋಗುವ ತಂತಿಯ ತುದಿಯನ್ನು ಒಂದು ಪುಟ್ಟ ಬಲ್ಬಿನ ಮೂಲಕ ಕಾರಿನ ಮೈಗೆ ಮುಟ್ಟಿಸಿದಳು. ಬಲ್ಬು ಹೊತ್ತಿತು, ಮುಳ್ಳು ಭರ್ತಿಯತ್ತ ಏರತೊಡಗಿತು. ಕಿಟಕಿಯಲ್ಲಿ ಕುಳಿತು ನೋಡುತ್ತಿದ್ದ ಅಮ್ಮ, ‘ಅದಕ್ಕೆ ಜೀವ ಉಂಟು ಮಾರಾಯ್ತಿ!’ ಎಂದರು.

ಅಲ್ಲಿಗೆ ಮೀಟರೂ ನಿರ್ದೋಷಿ, ತಂತಿಯೂ ನಿರ್ದೋಷಿ. ಒಂದು ವೇಳೆ ಹಿಂದೆ ಮುಟ್ಟಿಸಿದಾಗ ಮುಳ್ಳು ಏಳದಿದ್ದರೆ, ಇದೇ ಪರೀಕ್ಷೆಯನ್ನು ಮೀಟರಿನ ಬುಡದಲ್ಲಿ ಮಾಡಬೇಕು. ಅಲ್ಲಿ ಎದ್ದರೆ ನಡುವಿನ ತಂತಿ ತುಂಡಾಗಿದೆ. ಅಲ್ಲಿಯೂ ಏಳದಿದ್ದರೆ ಮಾತ್ರ ಮೀಟರನ್ನೋ ಅದರ ಫ್ಯೂಸನ್ನೋ ಸಂಶಯಿಸಬೇಕು. ಉಳಿದದ್ದು ಅರ್ತಿಂಗ್ ಮತ್ತು ಬುರುಡೆ. ಮಲ್ಟಿಮೀಟರ್ ಹಿಡಿದಾಗ ಅರ್ತಿಂಗ್ ಸರಿಯಾಗಿಯೇ ಇತ್ತು. ಹಾಗಾದರೆ ಕಳ್ಳ ಟ್ಯಾಂಕಿನ ಒಳಗೇ ಇದ್ದಾನೆ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಬಲ್ಬಿನ ಉಪಾಯ ಹಳೆಯ ಕಾರುಗಳಿಗೆ. ಈಗಿನ ಹೊಸ ಕಾರುಗಳಲ್ಲಿ ಬುರುಡೆಯ ಸುದ್ದಿ ಕಂಪ್ಯೂಟರಿನ ಮೂಲಕ ಹೋಗುತ್ತದೆ. ಅಲ್ಲಿ ತಂತಿ ಮುಟ್ಟಿಸಲು ಹೋಗಬೇಡಿ. ಇನ್ನೊಂದು, ಟ್ಯಾಂಕನ್ನು ಮನೆಯಲ್ಲಿ ತೆರೆಯಬೇಡಿ. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.

ಟ್ಯಾಂಕು ತೆರೆಸಲು ನಾವು ಕುರ್ಲಾಕ್ಕೆ ಹೊರಟೆವು. ಮುಲುಂಡಿನಿಂದ ಭಾಂಡುಪ್, ವಿಕ್ರೋಲಿ, ಘಾಟ್‌ಕೋಪರ್ ಮಾರ್ಗವಾಗಿ ಲಾಲ್ ಬಹಾದೂರ್ ಶಾಸ್ತ್ರಿ ರಸ್ತೆಯಲ್ಲಿ ಸಾಗುವಾಗ ನಾನು ಮಗಳಿಗೆ ಹಳೆಯ ಕಾರ್ಖಾನೆಗಳ ಕತೆ ಹೇಳುತ್ತಿದ್ದೆ. ಕುರ್ಲಾದಲ್ಲೇ ಪ್ರೀಮಿಯರ್ ಕಾರ್ಖಾನೆಯಿತ್ತು. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಹೊರಬಂದ ಕಾರು 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು, ಮುಂಬಯಿ ಟ್ಯಾಕ್ಸಿ ಎಂದರೆ ಅದೇ ಎನ್ನುವಂತಾಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್.ಟಿ.ಓ.ದಲ್ಲಿ ನೋಂದಾವಣೆಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ 30ರಿಂದ ಅವು ರಸ್ತೆಯಿಂದ ಮರೆಯಾದವು.

ಕುರ್ಲಾ-ಕಲೀನಾದ ಸಿ.ಎಸ್.ಟಿ. ರಸ್ತೆಯನ್ನು ಕಂಡು, ಛತ್ರಪತಿ ಶಿವಾಜಿ ಟರ್ಮಿನಸ್ಸಿಗೂ ಇದಕ್ಕೂ ಏನು ಸಂಬಂಧವೆಂದು ಮಗಳು ಕೇಳಿದಳು. ಏನೂ ಇಲ್ಲ. ಅದು ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ. 1928ರಿಂದ 1934ರವರೆಗೆ ಟ್ರಾಂಬೆ-ಅಂಧೇರಿ ನಡುವೆ ಒಂದು ಪುಟ್ಟ ರೈಲುಮಾರ್ಗವಿತ್ತು. ಹಳಿ ಹೋಯಿತು, ಹೆಸರು ಉಳಿಯಿತು. ಇದೇ ರಸ್ತೆಯ ಬದಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಆವರಣ, ಅಲ್ಲಿ ನಮ್ಮ ಕನ್ನಡ ವಿಭಾಗ. ಅದೇ ರಸ್ತೆಯ ಕುರ್ಲಾದ ತುದಿಯಲ್ಲಿ ಬಾಗಿಲು, ಬಂಪರ್, ದೀಪ, ಗಾಜು, ಸ್ಟೇರಿಂಗ್ ಚಕ್ರಗಳನ್ನು ತೋರಣದಂತೆ ತೂಗುಹಾಕಿದ ಹಳೆಯ ಬಿಡಿಭಾಗಗಳ ಅಂಗಡಿಗಳ ಸಾಲು. ಮುರಿದ ಕಾರಿನ ಯಾವ ಅಂಗ ಬೇಕಾದರೂ ಅಲ್ಲಿ ಹುಡುಕಬಹುದು.

ಅಂಥ ಒಂದು ಸಾಲಿನ ಹಿಂದಿನ ಗ್ಯಾರೇಜಿನಲ್ಲಿ ಬಿಳಿಗಡ್ಡದ ಹಿರಿಯರೊಬ್ಬರು ಸಿಕ್ಕರು. ಮಗಳು ತಾನು ಮಾಡಿದ ಪರೀಕ್ಷೆಗಳನ್ನು ಒಂದೊಂದಾಗಿ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು, ‘ಅರ್ಧ ಕೆಲಸ ನೀನೇ ಮಾಡಿದ್ದೀಯಲ್ಲ’ ಎಂದರು. ಬ್ಯಾಟರಿ ಬಿಡಿಸಿ, ಪೆಟ್ರೋಲ್ ಇಳಿಸಿ, ಬುರುಡೆಯ ಜೋಡಣೆಯನ್ನು ಹೊರಗೆ ತೆಗೆದರು. ಬುರುಡೆಗೆ ತೂತಿರಲಿಲ್ಲ. ತೂತಾಗಿದ್ದರೆ ಪೆಟ್ರೋಲ್ ತುಂಬಿ ಮುಳುಗಿ, ಮುಳ್ಳು ಸದಾ ಖಾಲಿ ತೋರಿಸುತ್ತಿತ್ತು. ಕಡ್ಡಿಯ ಸಂದಿನಲ್ಲಿ ಮಾತ್ರ ಕಂದು ಬಣ್ಣದ ಗೋಂದಿನಂಥ ಅಂಟು. ‘ಗಾಡಿ ತುಂಬ ದಿನ ನಿಂತಿತ್ತೇ?’ ಎಂದು ಕೇಳಿದರು. ನಿಂತಿತ್ತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದ ಮೇಲೆ ತಿಂಗಳುಗಟ್ಟಲೆ ಅದು ಕಟ್ಟಡದ ಕೆಳಗೆ ಹಾಗೆಯೇ ಇತ್ತು. ಹಳಸಿದ ಪೆಟ್ರೋಲ್ ಹೀಗೆ ಅಂಟು ಕಟ್ಟುತ್ತದಂತೆ. ಮೊದಮೊದಲು ಕಡ್ಡಿ ತಡವರಿಸಿ ಚಲಿಸುತ್ತಿತ್ತು, ಕೊನೆಗೊಂದು ದಿನ ನಡುದಾರಿಯಲ್ಲಿ ಕೂತುಬಿಟ್ಟಿತು.

ತೊಳೆದು ಒರಸಿದ ಮೇಲೆ ಕಡ್ಡಿಯನ್ನು ಕೈಯಲ್ಲಿ ಏರಿಸಿ ಇಳಿಸಿ ಮಲ್ಟಿಮೀಟರಿಗೆ ಹಿಡಿದರು. ಮೇಲೆತ್ತಿದಾಗ ಕೆಲವೇ ಓಮ್, ಕೆಳಗಿಳಿಸಿದಾಗ ನೂರರ ಆಸುಪಾಸು, ನಡುವೆ ಎಲ್ಲಿಯೂ ತುಂಡಾಗದೆ. ಹೊಸ ಭಾಗ ಬೇಕಾಗಲೇ ಇಲ್ಲ. ಮಜೂರಿ, ಹೊಸ ರಬ್ಬರ್ ವಾಷರ್ ಸೇರಿ ನಾವು ಕೊಟ್ಟದ್ದು ಎಂಟುನೂರು ರೂಪಾಯಿ. ಹೊರಡುವಾಗ ಅವರು ಒಂದು ಮಾತು ಸೇರಿಸಿದರು: ಸರಿಯಿರುವ ಮುಳ್ಳನ್ನೂ ಪೂರ್ತಿ ನಂಬಬೇಡಿ. ಅದು ಅಳೆಯುವುದು ಎತ್ತರವನ್ನು. ಟ್ಯಾಂಕಿನ ಆಕಾರ ಡೊಂಕಾದರೆ ಮೇಲಿನ ಅರ್ಧ ನಿಧಾನ, ಕೆಳಗಿನ ಅರ್ಧ ಬೇಗ ಮುಗಿಯಬಹುದು. ಕಿಲೋಮೀಟರ್ ಲೆಕ್ಕ ಇಡಿ.

ಆ ಲೆಕ್ಕಕ್ಕಾಗಿ ಈಗ ಕಾರಿನಲ್ಲಿ ಒಂದು ಪುಸ್ತಕವಿದೆ. ತಾರೀಕು, ಕಿಲೋಮೀಟರ್, ಲೀಟರ್. ಬರೆಯುವವಳು ಮಗಳು, ಅದೂ ಕನ್ನಡದಲ್ಲಿ. ಅಜ್ಜಿಯೊಡನೆ ಆದ ಒಪ್ಪಂದವಂತೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ಕೈ, ಒತ್ತಕ್ಷರಗಳು ಎಲ್ಲೆಲ್ಲೋ ಹೋಗುತ್ತವೆ. ‘ಪೆಟ್ರೋಲ್’ ಎಂಬುದನ್ನು ಆಕೆ ಮೂರು ಬಗೆಯಾಗಿ ಬರೆದಿದ್ದಾಳೆ, ಅಜ್ಜಿ ಮೂರನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿದ್ದಾರೆ. ನನ್ನ ಪಾಲಿಗೆ ಬಂದ ಕೆಲಸ ಒಂದೇ. ‘ಅಪ್ಪಾ, ಏನೋ ಸರಿಯಿಲ್ಲ’ ಎಂದು ಅವಳು ಹೇಳಿದಾಗ ಗಾಡಿಯನ್ನು ಬದಿಗೆ ನಿಲ್ಲಿಸುವುದು.