ಹರಿಗೋಲಿನ ಸೋರಿಕೆ

ಉದಕಮಂಡಲಕ್ಕೆ ಹೋದವರು ಅಲ್ಲಿಯ ಕೆರೆಯಲ್ಲಿ ದೋಣಿ ಹತ್ತದೆ ಮರಳುವುದು ಅಪರೂಪ. 1824ರ ಸುಮಾರಿಗೆ ಜಾನ್ ಸಲಿವನ್ ಕಟ್ಟಿಸಿದ ಆ ಕೆರೆಯಲ್ಲಿ ದೋಣಿ ವಿನೋದದ ವಸ್ತು. ಒಂದು ಸೋರಿದರೆ ಇನ್ನೊಂದನ್ನು ಹತ್ತಬಹುದು. ಅದೇ ನೀಲಗಿರಿ ಜಿಲ್ಲೆಯ ತಪ್ಪಲಿನಲ್ಲಿ, ಮೋಯಾರ್ ಹೊಳೆಯ ದಡದಲ್ಲಿ, ತೆಂಗುಮರಹಾಡವೆಂಬ ಊರಿದೆ. ಆ ಹೆಸರು ಕೇಳಿದೊಡನೆ ಕನ್ನಡಿಗರ ಕಿವಿ ನೆಟ್ಟಗಾಗುತ್ತದೆ. 1948ರಲ್ಲಿ ಸ್ಥಾಪಿತವಾದ ಸಹಕಾರಿ ಬೇಸಾಯ ಸಂಘದಿಂದ ಬೆಳೆದ ಊರದು. ನಾನು ಹೋಗುತ್ತಿದ್ದ ದಿನಗಳಲ್ಲಿ ಭವಾನಿಸಾಗರದ ಕಡೆಯಿಂದ ಕಾಡಿನೊಳಗೆ ಬರುವ ಬಸ್ಸು ಹೊಳೆಯ ಈಚೆ ದಡದಲ್ಲಿಯೇ ನಿಲ್ಲುತ್ತಿತ್ತು. ಊರು ಆಚೆ. ನಡುವೆ ಹರಿಗೋಲು.

2014ರ ಬೇಸಿಗೆಯಲ್ಲಿ ನನ್ನ ತಂಗಿಯ ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ಅಲ್ಲಿಗೆ ಹೋಗಿದ್ದೆ. ಅವಳಿಗೆ ಏಳು ತಿಂಗಳು ತುಂಬಿತ್ತು. ಹೊರಡುವ ಹಿಂದಿನ ದಿನ ಅಂಬಿಗರಿಗೆ ತಿಳಿಸಿ ಬರೋಣವೆಂದು ಹೊಳೆಗೆ ಹೋದರೆ, ಅವರು ಹರಿಗೋಲನ್ನು ಮರಳಿನ ಮೇಲೆ ಎಳೆದು ಹಾಕಿ ಕುಳಿತಿದ್ದರು.

"ಇವತ್ತು ಇದು ನೀರಿಗಿಳಿಯೋದಿಲ್ಲ ಮೇಷ್ಟ್ರೇ. ತಳದಲ್ಲಿ ನೀರು ನಿಲ್ತಾ ಇದೆ. ಬಸುರಿ ಹೆಣ್ಣುಮಗಳನ್ನ ಇದರಲ್ಲಿ ಕೂರಿಸೋಕೆ ನನಗೆ ಮನಸ್ಸಿಲ್ಲ" ಎಂದರು.

ಬೇಸಿಗೆಯ ಹೊಳೆಯಲ್ಲವೇ, ನಡೆದೇ ದಾಟಬಹುದೆಂದು ಓದುಗರಿಗೆ ತೋರೀತು. ಆದರೆ ಮೇಲೆ ಪೈಕಾರಾ ಕಡೆ ನೀರು ಬಿಟ್ಟರೆ, ಇಲ್ಲಿ ಒಂದು ಹನಿ ಮಳೆಯಿಲ್ಲದೆಯೂ ಮೋಯಾರ್ ಏರುತ್ತದೆ. ಮೊಸಳೆಗಳ ಭಯ ಬೇರೆ.

ಹರಿಗೋಲೆಂದರೆ ಬಿದಿರಿನ ದೊಡ್ಡದೊಂದು ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ಇದಕ್ಕೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ನೀರು ನಿಂತ ಜಾಗದಲ್ಲಿಯೇ ತೂತು ಇರುತ್ತದೆಂದು ತಿಳಿಯಬಾರದು. ಪಕ್ಕೆಯಲ್ಲಿ ನುಗ್ಗಿದ ನೀರು ಹಾಳೆಗೂ ಹೆಣಿಗೆಗೂ ನಡುವೆ ಜಾರಿ ತಳದ ತಗ್ಗಿನಲ್ಲಿ ನಿಲ್ಲುತ್ತದೆ. ಅಂಬಿಗರು ಒಳಗನ್ನು ಬಟ್ಟೆಯಿಂದ ಒರೆಸಿ, ಹರಿಗೋಲನ್ನು ಕವುಚಿ ಹಾಕಿ, ಅದರಡಿಗೆ ನುಸುಳಿದರು, ನನ್ನನ್ನೂ ಕರೆದರು. ಒಳಗೆ ಕತ್ತಲೆ. ತಲೆಯ ಮೇಲೆ ಎರಡು ಕಡೆ ಸೂಜಿಮೊನೆಯಷ್ಟು ಬಿಸಿಲು ನಕ್ಷತ್ರದಂತೆ ಮಿನುಗುತ್ತಿತ್ತು. ಹೊರಗಿನಿಂದ ನಾನು ಆ ಜಾಗಗಳಿಗೆ ಸುಣ್ಣದ ಗುರುತು ಹಾಕಿದೆ.

ಅಷ್ಟಕ್ಕೇ ಅವರಿಗೆ ಸಮಾಧಾನವಾಗಲಿಲ್ಲ. ಹರಿಗೋಲನ್ನು ನಾಲ್ಕು ಕಲ್ಲುಗಳ ಮೇಲೆ ನೆಟ್ಟಗಿರಿಸಿ ಒಳಗೆ ನಾಲ್ಕಾರು ಕೊಡ ನೀರು ಸುರಿದರು. ಬೆಳಕಿಗೆ ದಾರಿ ಕೊಡದ ಬಿರುಕು ನೀರಿನ ಭಾರಕ್ಕೆ ಬಾಯಿ ಬಿಟ್ಟಿತು: ದಡದ ಕಲ್ಲಿಗೆ ಉಜ್ಜಿ ಉಜ್ಜಿ ಡಾಂಬರು ಸವೆದಿದ್ದ ಕಡೆ, ಕಿರುಬೆರಳುದ್ದದ ಸೀಳು. ನಿಜವಾದ ಕಳ್ಳ ಅದೇ.

ಇಷ್ಟು ಸಣ್ಣ ಸೀಳಿಗೆ ಇಷ್ಟು ಅಂಜಿಕೆಯೇ ಎಂದು ಅಲ್ಲಿದ್ದ ಹುಡುಗನೊಬ್ಬ ನಕ್ಕ. ಮೇಷ್ಟರ ಚಾಳಿ, ಮರಳಿನ ಮೇಲೆಯೇ ಅವನಿಗೆ ಲೆಕ್ಕ ಬರೆದು ತೋರಿಸಿದೆ. ನೀರಿನ ಮಟ್ಟಕ್ಕಿಂತ 15 ಸೆಂಟಿಮೀಟರು ಕೆಳಗೆ 5 ಮಿಲಿಮೀಟರು ಅಗಲದ ದುಂಡು ತೂತಿದ್ದರೂ ನಿಮಿಷಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಒಳಬರುತ್ತದೆ. ಭಾರ ಏರಿದಂತೆ ಹರಿಗೋಲು ಇಳಿಯುತ್ತದೆ, ಇಳಿದಂತೆ ನೀರಿನ ಒತ್ತಡವೂ ಏರುತ್ತದೆ. ಹುಡುಗ ಮತ್ತೆ ನಗಲಿಲ್ಲ.

ಮಧ್ಯಾಹ್ನದವರೆಗೆ ಒಣಗಲು ಬಿಟ್ಟರು. ಹಸಿಯ ಮೇಲೆ ಡಾಂಬರು ಹಿಡಿಯದು. ಅದನ್ನು ಕರಗುವಷ್ಟೇ ಕಾಯಿಸಿದರು. ಹೆಚ್ಚು ಕಾದರೆ ಹಾಳೆಯೇ ಸುಟ್ಟುಹೋಗುತ್ತದೆ. ಹಳೆಯ ಹತ್ತಿಯ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ, ಸೀಳಿನ ಸುತ್ತ ನಾಲ್ಕು ಬೆರಳಗಲ ಹೆಚ್ಚಾಗಿ ಹರಡಿ, ಕೋಲಿನಿಂದ ಒತ್ತಿದರು. ಸುಣ್ಣದ ಗುರುತುಗಳ ಮೇಲೂ ಒಂದೊಂದು ತೇಪೆ ಬಿತ್ತು. ಎಲ್ಲ ತೇಪೆಗಳೂ ಹೊರಮೈಗೆ. ಹೊರಗೆ ಹಚ್ಚಿದ್ದನ್ನು ಹೊಳೆಯೇ ಒತ್ತಿ ಹಿಡಿಯುತ್ತದೆ, ಒಳಗೆ ಹಚ್ಚಿದ್ದನ್ನು ಕಿತ್ತು ತಳ್ಳುತ್ತದೆ. ಈ ಮಾತನ್ನು ಯಾವ ಪಠ್ಯಪುಸ್ತಕದಲ್ಲಿಯೂ ನಾನು ಇಷ್ಟು ಸುಲಭವಾಗಿ ಓದಿಲ್ಲ.

ಮರುದಿನ ಬೆಳಿಗ್ಗೆ ಒಳಗೆಲ್ಲ ಒಣ ಬೂದಿ ಎರಚಿ, ಮೂರು ಮಂದಿಯ ತೂಕದಷ್ಟು ಕಲ್ಲು ಹೇರಿ, ಹರಿಗೋಲನ್ನು ದಡದ ಬದಿಯ ನೀರಿನಲ್ಲಿ ತೇಲಬಿಟ್ಟರು. ಅಂಬಿಗರು ಒಂದು ಬೀಡಿ ಸೇದಿ ಮುಗಿಸುವವರೆಗೂ ಕಾದೆವು. ಬೂದಿ ಬೆಳ್ಳಗೆ ಒಣಗಿಯೇ ಇತ್ತು. ಕಲ್ಲುಗಳನ್ನು ಇಳಿಸಿ, ಬೂದಿ ಗುಡಿಸಿ, ಗೋಣಿತಟ್ಟು ಹಾಸಿ, "ನಡುವೆ ಕೂತ್ಕೋ ತಾಯಿ, ಅಲುಗಾಡಬೇಡ" ಎಂದು ಅವಳನ್ನು ಕೂರಿಸಿದರು. ಆಚೆ ದಡದಲ್ಲಿ ಬಸ್ಸು ಆಗಲೇ ಹಾರನ್ ಹೊಡೆಯುತ್ತಿತ್ತು. ಅಂಬಿಗರು ಅವಸರಪಡದೆ ಹುಟ್ಟು ಹಾಕಿದರು.