ಸೂಟಿಗೆ ಬಂದ ಯೋಧ, ಗಡಿಯೂರಿನ ವೈದ್ಯೆ

ಬೆಳಗಾವಿ, ಖಾನಾಪುರ, ಹುಕ್ಕೇರಿ, ನಿಪ್ಪಾಣಿ ತಾಲ್ಲೂಕುಗಳೂ ಅವುಗಳಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಚಂದಗಡ, ಗಡಹಿಂಗ್ಲಜ ತಾಲ್ಲೂಕುಗಳೂ ಎರಡು ರಾಜ್ಯಗಳಿಗೆ ಹಂಚಿಹೋಗಿದ್ದರೂ, ಸೈನ್ಯಕ್ಕೆ ಮಕ್ಕಳನ್ನು ಕಳಿಸುವುದರಲ್ಲಿ ಮತ್ತು ದೊಡ್ಡ ಕಾಯಿಲೆ ಬಂದಾಗ ಬೆಳಗಾವಿಯ ದವಾಖಾನೆಗಳ ಕಡೆಗೆ ನೋಡುವುದರಲ್ಲಿ ಇಂದಿಗೂ ಒಂದೇ ಸೀಮೆಯಾಗಿ ಉಳಿದಿವೆ; ಚಂದಗಡವಂತೂ 1956ರ ಪುನರ್ವಿಂಗಡಣೆಯವರೆಗೆ ಬೆಳಗಾವಿ ಜಿಲ್ಲೆಯ ಭಾಗವೇ ಆಗಿತ್ತು. 1768ರಷ್ಟು ಹಿಂದಿನ ಚರಿತ್ರೆಯುಳ್ಳ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಬೆಳಗಾವಿಯ ಕ್ಯಾಂಪಿನಲ್ಲಿ, ಅಂದರೆ ಹಳೆಯ ದಂಡುಪ್ರದೇಶದಲ್ಲಿದೆ. ಅದೇ ನಗರದಲ್ಲಿ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಊರಿಗೊಬ್ಬ ಫೌಜಿ ಸಾಮಾನ್ಯವಾಗಿರುವ, ವೈದ್ಯಕೀಯ ಓದಿದ ಹೆಣ್ಣುಮಕ್ಕಳು ವರ್ಷವರ್ಷವೂ ಹೊರಬರುವ ಈ ಸೀಮೆಯಲ್ಲಿ, ಸೂಟಿಗೆ ಬಂದ ಯೋಧನಿಗೂ ಸೇನೆಗೆ ಸೇರದ ವೈದ್ಯೆಗೂ ನಡುವೆ ಒಲವು ಮೂಡುವುದು ಅಸಹಜವಲ್ಲ. ಅದು ಗಡಿನಾಡಿನ ದ್ವಿಭಾಷಾ ಬದುಕನ್ನು ಬೇರೆ ಯಾವ ಸಂಬಂಧಕ್ಕಿಂತಲೂ ಕಠಿಣವಾದ ಪರೀಕ್ಷೆಗೆ ಒಡ್ಡುತ್ತದೆ ಎಂಬುದು ಮಾತ್ರ ಸಾಕಷ್ಟು ಗಮನಕ್ಕೆ ಬಂದಿಲ್ಲ.

ಕನ್ನಡದ ಜನಪ್ರಿಯ ಕಲ್ಪನೆಯಲ್ಲಿ ಯೋಧನ ಪ್ರೇಮ ಎಂದರೆ ನೆನಪಾಗುವುದು 1990ರ ‘ಮುತ್ತಿನ ಹಾರ’ ಚಿತ್ರ. ಅದರ ನಾಯಕ ಕೊಡಗಿನ ಸೈನಿಕ, ನಾಯಕಿ ದಾದಿ. ಇಬ್ಬರ ಬಾಳನ್ನೂ ಆಳುವುದು ಯುದ್ಧವೇ. ಇಲ್ಲಿ ಚರ್ಚಿಸುತ್ತಿರುವ ವೈದ್ಯೆಯ ಸ್ಥಿತಿ ಬೇರೆ: ಆಕೆಗೆ ಆಕೆಯದೇ ಪಾಳಿ, ಆಕೆಯದೇ ರೋಗಿಗಳು, ಆಕೆಯದೇ ಊರು ಇವೆ, ಮತ್ತು ಯೋಧನ ಬದುಕಿನ ನಿಯಮಗಳು ಯಾವುವೂ ಆಕೆಯನ್ನು ಕಟ್ಟಿಹಾಕುವುದಿಲ್ಲ.

ಸೂಟಿ ಎಂದು ಈ ಭಾಗದ ಕನ್ನಡಿಗರು ಕರೆಯುವ ರಜೆ ಯೋಧನ ಪಾಲಿಗೆ ಅಳೆದು ಕೊಟ್ಟ ಕಾಲ. ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆಯೂ 30 ದಿನಗಳ ಸಾಂದರ್ಭಿಕ ರಜೆಯೂ ಇರುತ್ತವೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಅಗ್ನಿವೀರನಿಗೆ ವಾರ್ಷಿಕ ರಜೆ 30 ದಿನ ಮಾತ್ರ. ಅದೂ ಒಮ್ಮೆಗೇ ಸಿಗುವುದು ಅಪರೂಪ. ಉತ್ತರದ ಠಾಣ್ಯಗಳಿಂದ ದೆಹಲಿಗೆ ಬಂದು, ಗೋವಾ ಎಕ್ಸ್‌ಪ್ರೆಸ್ ಹಿಡಿದು ಬೆಳಗಾವಿಯಲ್ಲಿ ಇಳಿದವನಿಗಾಗಿ ಮನೆಯಲ್ಲಿ ಸೋರುವ ಮಾಳಿಗೆ, ಹೊಲದ ಬದುವಿನ ತಕರಾರು, ತಂಗಿಯ ಮದುವೆಯ ಮಾತುಕತೆ ಎಲ್ಲವೂ ಕಾದಿರುತ್ತವೆ. ಅವುಗಳೊಂದಿಗೆ, ಮಗ ಬಂದ ಮೇಲೆ ತೋರಿಸಿದರಾಯಿತು ಎಂದು ತಿಂಗಳುಗಟ್ಟಲೆ ಮುಂದೂಡಿದ ತಾಯಿಯ ಮಂಡಿನೋವು, ತಂದೆಯ ಕೆಮ್ಮು ಕೂಡ ಇರುತ್ತವೆ. ಸೈನಿಕನ ಅವಲಂಬಿತರಿಗೆ ಸೇನಾ ಆಸ್ಪತ್ರೆಯ ಸೌಲಭ್ಯ ಉಂಟಾದರೂ ಖಾನಾಪುರದ ಕಾಡಂಚಿನ ಹಳ್ಳಿಯವರಿಗೆ ಅದು ದೂರ. ಅವರು ಮೊದಲು ಹೋಗುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ವೈದ್ಯಕೀಯ ಪದವೀಧರರಿಗೆ ಒಂದು ವರ್ಷದ ಗ್ರಾಮೀಣ ಸೇವೆಯನ್ನು ಗೊತ್ತುಪಡಿಸಿದ ಕರ್ನಾಟಕದ 2012ರ ಕಾಯ್ದೆಯ ಜಾರಿಯ ನಂತರ ಇಂಥ ಕೇಂದ್ರಗಳಿಗೆ ಹೊಸ ವೈದ್ಯೆಯರು ಬರತೊಡಗಿದರು. ಬೈಲಹೊಂಗಲದ ಕಡೆಯ ಕನ್ನಡದ ಮನೆಯಲ್ಲಿ ಬೆಳೆದ ವೈದ್ಯೆಯೂ ಮರಾಠಿ ಮನೆಮಾತಿನ ಯೋಧನೂ ಎದುರುಬದುರಾಗುವುದು ಸಾಮಾನ್ಯವಾಗಿ ಇಲ್ಲಿಯೇ, ಮೂರನೆಯ ವ್ಯಕ್ತಿಯೊಬ್ಬರ ಕಾಯಿಲೆಯ ಸಮ್ಮುಖದಲ್ಲಿ.

ಇಲ್ಲಿ ವೃತ್ತಿಧರ್ಮದ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ವೈದ್ಯ ವೃತ್ತಿಯ ಶಿಷ್ಟಾಚಾರವನ್ನು ಕುರಿತ 2002ರ ನಿಯಮಾವಳಿಯು ರೋಗಿಯೊಡನೆ ಅನುಚಿತ ಸಂಬಂಧ ಬೆಳೆಸಲು ವೃತ್ತಿಯ ಸ್ಥಾನವನ್ನು ಬಳಸಿಕೊಳ್ಳುವುದನ್ನು ದುರ್ನಡತೆ ಎಂದು ಪರಿಗಣಿಸುತ್ತದೆ. ಯೋಧ ಸ್ವತಃ ರೋಗಿಯಲ್ಲ, ರೋಗಿಯ ಮಗ ಎಂಬ ವ್ಯತ್ಯಾಸ ಇದ್ದರೂ, ಚಿಕಿತ್ಸೆ ಮುಗಿಯುವವರೆಗೆ ಅಂತರ ಕಾಯುವ ವೈದ್ಯೆಯ ನಿಲುವೇ ಸರಿಯಾದದ್ದು. ದಿನಗಳನ್ನು ಎಣಿಸುತ್ತಿರುವ ಯೋಧನಿಗೆ ಆ ಕಾಯುವಿಕೆ ಕಷ್ಟವಾದರೂ ಅದು ಗೌರವಕ್ಕೆ ಅರ್ಹವಾದ ಕಷ್ಟ.

ಭಾಷೆಯ ಪ್ರಶ್ನೆ ನಿಜವಾಗಿ ತೊಡಗುವುದು ಇದಾದ ಮೇಲೆ. ಒಂದೇ ವಾಕ್ಯದೊಳಗೆ ಎರಡು ಭಾಷೆಗಳು ಬೆರೆಯುವುದಕ್ಕೆ ಭಾಷಾವಿಜ್ಞಾನವು ಸಂಕೇತ ಮಿಶ್ರಣ ಎನ್ನುತ್ತದೆ. “ಮೇಡಂ, ಕಾಲಪಾಸೂನ ತಾಪ ಆಹೇ, ಊಟಾನೂ ಸೇರವಲ್ದು” ಎಂದು ಜ್ವರವನ್ನು ಮರಾಠಿಯಲ್ಲೂ ಅರುಚಿಯನ್ನು ಕನ್ನಡದಲ್ಲೂ ಹೇಳುವ ರೋಗಿ ಗಡಿಯ ದವಾಖಾನೆಗೆ ಹೊಸಬನಲ್ಲ. ಈ ಬೆರಕೆಗೆ ಆಳವಾದ ಇತಿಹಾಸವಿದೆ. ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಗ್ರಾಮವನ್ನು ಅಧ್ಯಯನ ಮಾಡಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವು, ಅಲ್ಲಿ ಜೈನರೂ ಲಿಂಗಾಯತರೂ ಕನ್ನಡವನ್ನು, ಮುಸ್ಲಿಮರು ಉರ್ದುವನ್ನು, ಇತರರು ಮರಾಠಿಯನ್ನು ಮನೆಯಲ್ಲಿ ಉಳಿಸಿಕೊಂಡೇ, ಶತಮಾನಗಳ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿರುವುದನ್ನು ತೋರಿಸಿತು. ಅದೇ ಪ್ರಬಂಧದ ಇನ್ನೊಂದು ಅವಲೋಕನ ಇಲ್ಲಿ ಹೆಚ್ಚು ಮುಖ್ಯ: ಕನ್ನಡ ಮತ್ತು ಉರ್ದು ಮನೆಮಾತಿನ ಸಮುದಾಯಗಳು ಪರಸ್ಪರ ವ್ಯವಹರಿಸುವಾಗ ಮರಾಠಿಯನ್ನು ಬಳಸುತ್ತಿದ್ದವು, ಏಕೆಂದರೆ ಅದು ಅವರಲ್ಲಿ ಯಾರೊಬ್ಬರ ಒಳಮನೆಯ ಮಾತೂ ಆಗಿರಲಿಲ್ಲ; ತಟಸ್ಥ ಭಾಷೆಯು ಮಾತುಕತೆಯನ್ನು ಸುಗಮಗೊಳಿಸುವುದರ ಜೊತೆಗೆ, ನೀನು ನಮ್ಮವನಲ್ಲ ಎಂಬ ಅಂತರವನ್ನೂ ಕಾಯುತ್ತದೆ.

ಯೋಧ ಮತ್ತು ವೈದ್ಯೆಯ ನಡುವೆ ಈ ತಟಸ್ಥ ಸ್ಥಾನ ಹಿಂದಿಗೆ ಸಲ್ಲುತ್ತದೆ. ಆತನಿಗೆ ಅದು ಪಲ್ಟನ್ನಿನಲ್ಲಿ, ಅಂದರೆ ತನ್ನ ಪಡೆಯಲ್ಲಿ ಕಲಿತ ಭಾಷೆ, ಆಕೆಗೆ ಹೊರರಾಜ್ಯದ ಸಹಪಾಠಿಗಳಿಂದ ಬಂದ ಭಾಷೆ. ಮೊದಲ ಸೂಟಿಯ ಸಲಿಗೆ ಹಿಂದಿಯಲ್ಲೇ ಸಾಗಬಹುದು. ಸೂಟಿ ಮುಗಿದು ಆತ ಠಾಣ್ಯಕ್ಕೆ ಮರಳಿದ ಮೇಲೆ ಉಳಿಯುವುದು ಫೋನಿನ ಧ್ವನಿ ಮಾತ್ರ. ಭದ್ರತೆಯ ಕಾರಣಕ್ಕೆ ಸೇನೆಯು 2020ರ ಜುಲೈಯಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ಅಳಿಸಿಹಾಕಲು ತನ್ನವರಿಗೆ ಸೂಚಿಸಿತ್ತು, ಸಿಗ್ನಲ್ ಸಿಗದ ಎತ್ತರಗಳಲ್ಲಿ ಫೋನೂ ಇರುವುದಿಲ್ಲ. ಮುಖ ಕಾಣದ, ಕಾಲ ಸಾಲದ ಇಂಥ ಮಾತಿನಲ್ಲಿ ತಟಸ್ಥ ಭಾಷೆ ಬೇಗ ಬತ್ತುತ್ತದೆ. ರಾತ್ರಿ ಪಾಳಿಯಲ್ಲಿ ರೋಗಿಯೊಬ್ಬರನ್ನು ಕಳೆದುಕೊಂಡ ವೈದ್ಯೆಗೆ ಅಳಲು ಬೇಕಾಗುವುದು ತನ್ನ ಅವ್ವನ ಮಾತು. ಕೇಳುವವನಿಗೆ ಆ ಮಾತು ತಿಳಿದಿದ್ದರೆ ಮಾತ್ರ ಆಕೆ ಅಳಬಲ್ಲಳು. ಪ್ರೇಮವು ಪರಿಚಯದಿಂದ ಬಾಂಧವ್ಯಕ್ಕೆ ದಾಟುವ ಈ ಘಟ್ಟದಲ್ಲಿ ಎರಡು ಕಡೆಯ ಶ್ರಮವೂ ಸಮನಾಗಿರಬೇಕು, ಆದರೆ ಸಾಮಾನ್ಯವಾಗಿ ಹಾಗಿರುವುದಿಲ್ಲ.

ಸೂಟಿಯ ನಂತರ ಊರಿನಲ್ಲಿ ಉಳಿಯುವವಳು ವೈದ್ಯೆ. ಹಿಂದೆ ‘ಮಾವಶಿ’ (ಚಿಕ್ಕಮ್ಮ) ಎಂದು ಮಾತನಾಡಿಸಿದ ರೋಗಿಯನ್ನು, ಅಂದರೆ ಯೋಧನ ತಾಯಿಯನ್ನು, ಈಗ ‘ಆಯಿ’ (ಅಮ್ಮ) ಎಂದು ಕರೆದು, ಆಕೆಯ ಮಾತ್ರೆಯ ಹೊತ್ತನ್ನು ಮರಾಠಿಯಲ್ಲಿ ತಿಳಿಹೇಳುವುದು, ಯೋಧನ ಮನೆಗೆ ಬರುವ ಕಾಗದಪತ್ರಗಳನ್ನು ಓದಿ ಅರ್ಥ ಹೇಳುವುದು, ತನ್ನ ತವರಿನವರಿಗೆ ಆ ಮನೆಯ ನಡೆನುಡಿಯನ್ನು ಕನ್ನಡದಲ್ಲಿ ಸಮರ್ಥಿಸುವುದು, ಇಷ್ಟೂ ಆಕೆಯ ಪಾಲಿಗೆ ಬರುತ್ತವೆ. ಮನೆ ಗಡಹಿಂಗ್ಲಜದ ಕಡೆಯದಾದರೆ ಇನ್ನೊಂದು ತೊಡಕು ಸೇರುತ್ತದೆ: ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವಳು ಅಲ್ಲಿ ನೆಲೆಸಿ ವೃತ್ತಿ ನಡೆಸಬೇಕಾದರೆ ಮಹಾರಾಷ್ಟ್ರದ ಪರಿಷತ್ತಿನಲ್ಲಿ ಮತ್ತೆ ನೋಂದಾಯಿಸಿಕೊಳ್ಳಬೇಕು. ಕರ್ನಾಟಕದ ಸಂಕೇಶ್ವರದಿಂದ ಬಸ್ಸಿನಲ್ಲಿ ಅರ್ಧ ತಾಸಿನಷ್ಟು ದೂರವಿರುವ ಊರು, ರೋಗಿಗಳಲ್ಲಿ ಅನೇಕರು ಕನ್ನಡವನ್ನೇ ಆಡುವ ಊರು, ಆಕೆಯ ಕೆಲಸಕ್ಕೆ ಮಾತ್ರ ಪರರಾಜ್ಯ.

ಈ ಭಾರವನ್ನು ತ್ಯಾಗ ಎಂದು ಹೊಗಳಿ ಬಿಟ್ಟುಬಿಡುವ ರೂಢಿ ನಿಲ್ಲಬೇಕು. ಇಂಥ ಸಂಬಂಧವನ್ನು ಕೂಡಿಸಲು ಕೂರುವ ಎರಡೂ ಮನೆಗಳ ಹಿರಿಯರು, ಹುಡುಗಿ ಮರಾಠಿ ಕಲಿಯುವಳೇ ಎಂದು ಕೇಳಿದಷ್ಟೇ ಗಟ್ಟಿಯಾಗಿ ಹುಡುಗ ಕನ್ನಡ ಕಲಿಯುವನೇ ಎಂದೂ ಕೇಳಲಿ; ಮುಂದಿನ ಸೂಟಿಯಲ್ಲಿ ಒಂದಷ್ಟು ದಿನಗಳನ್ನು ಆಕೆಯ ತವರಿನಲ್ಲಿ, ಆಕೆಯ ತಂದೆಯ ಜೊತೆ ಕನ್ನಡದಲ್ಲಿ ಕಳೆಯಲು ಯೋಧನನ್ನು ಬಿಟ್ಟುಕೊಡಲಿ, ಮತ್ತು ಆಕೆಯ ದವಾಖಾನೆ ಯಾವ ಊರಿನಲ್ಲಿ ನಡೆಯಬೇಕೆಂಬುದನ್ನು ಮುಹೂರ್ತಕ್ಕೆ ಮೊದಲೇ ಆಕೆಯ ಬಾಯಿಂದಲೇ ಕೇಳಿ ತೀರ್ಮಾನಿಸಲಿ.